ಹಡಗು ಎಂಜಿನಿಯರ್ ಆಗಿದ್ದ ತಂದೆಯ ನೆನಪಿನ ಪುಸ್ತಿಕೆ: ಗಾಳದ ಡೈರಿಗಳನ್ನು ಹೇಗೆ ಓದಬೇಕು?

ಪ್ರಶ್ನೆ:
ಸರಕು ಹಡಗುಗಳಲ್ಲಿ ದುಡಿದು ಚೀಫ್ ಎಂಜಿನಿಯರ್ ಆಗಿ ನಿವೃತ್ತರಾದ ನಮ್ಮ ತಂದೆಯವರು, ಉಳಿದ ಆಯುಷ್ಯವನ್ನು ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆಯಲ್ಲಿ ಗಾಳ ಹಾಕುತ್ತ ಕಳೆದರು. ಅವರ ವರ್ಷಾಂತಿಕಕ್ಕೆ ಬಂಧುಗಳಿಗೆ ಹಂಚಲೆಂದು ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ಕಾಣೆ, ಕೆಂಬೇರಿ ಮೀನುಗಳ ಕಥೆ ಬೇಕಾದಷ್ಟಿದೆ. ಹಡಗಿನ ವಿಷಯ ಮಾತ್ರ ಅವರು ಮನೆಯಲ್ಲಿ ಆಡಿದ್ದೇ ಅಪರೂಪ. ಉಳಿದಿರುವುದು ಅವರ ಸಿ.ಡಿ.ಸಿ. ಪುಸ್ತಕ (ಹಡಗಿನ ನೌಕರರ ಸೇವಾ ದಾಖಲೆ) ಮತ್ತು ಒಂದು ಟ್ರಂಕಿನಷ್ಟು ಮೀನಿನ ಡೈರಿಗಳು. ಪ್ರತಿ ಪುಟದಲ್ಲೂ ಅಡಿಗೋಲಿನಿಂದ ಗೆರೆ ಎಳೆದು ಸಮಯ, ಭರತ-ಇಳಿತ, ಗಾಳಿಯ ದಿಕ್ಕು, ನೀರಿನ ಬಣ್ಣ, ಎರೆ, ಷರಾ ಎಂದು ಕಾಲಂ ಮಾಡಿದ್ದಾರೆ. ಇನ್ನೊಂದು ಒಗಟೂ ಇದೆ: ಭರತ ಬೆಳಿಗ್ಗೆ ಒಂಬತ್ತಕ್ಕಿದ್ದ ದಿನವೂ ಅವರು ಮೂರೂವರೆಗೇ ಎದ್ದಿರುತ್ತಿದ್ದರು. ಈ ಎರಡು ಬದುಕುಗಳನ್ನು ಒಂದೇ ಬರಹದಲ್ಲಿ ಹೇಗೆ ತರಲಿ?

ಉತ್ತರ 1:
ನಾನೂ ಎಂಜಿನ್ ರೂಮಿನಲ್ಲಿದ್ದವನು. ನಿಮ್ಮ ಒಗಟಿಗೆ ಉತ್ತರ ಸಿ.ಡಿ.ಸಿ.ಯಲ್ಲೇ ಇರಬಹುದು, ಏಕೆಂದರೆ ಅದರಲ್ಲಿ ಹಡಗಿನ ಹೆಸರು, ಹತ್ತಿದ ಮತ್ತು ಇಳಿದ ದಿನಾಂಕ, ಬಂದರು ಇವುಗಳ ಜೊತೆಗೆ ಆಗಿನ ಹುದ್ದೆಯೂ ನಮೂದಾಗಿರುತ್ತದೆ. ವಾಡಿಕೆಯಂತೆ ನಾಲ್ಕರಿಂದ ಎಂಟರ ಪಾಳಿ ಸೆಕೆಂಡ್ ಎಂಜಿನಿಯರನದು. ಹನ್ನೆರಡರಿಂದ ನಾಲ್ಕು ಥರ್ಡ್, ಎಂಟರಿಂದ ಹನ್ನೆರಡು ಫೋರ್ತ್. ಸೆಕೆಂಡ್ ಎಂಜಿನಿಯರ್ ಹುದ್ದೆಯಲ್ಲಿ ಅವರು ಹೆಚ್ಚು ವರ್ಷ ಇದ್ದಿದ್ದರೆ, ಮೂರೂವರೆಗೆ ಅವರನ್ನು ಎಬ್ಬಿಸುತ್ತಿದ್ದುದು ಮೀನಲ್ಲ.

ಡೈರಿಯ ಕಾಲಂಗಳೂ ಲಾಗ್ ಬುಕ್ಕಿನವೇ. ಪ್ರತಿ ಪಾಳಿಯಲ್ಲೂ ಒಂದೊಂದು ಸಿಲಿಂಡರಿನ ಹೊಗೆಯ ತಾಪಮಾನ, ಲೂಬ್ರಿಕೇಟಿಂಗ್ ಆಯಿಲ್ಲಿನ ಒತ್ತಡ, ಕಡಲನೀರಿನ ತಾಪಮಾನಗಳನ್ನು ಬರೆಯಬೇಕಿತ್ತು. ನಿಮಿಷಕ್ಕೆ ನೂರು ಚಿಲ್ಲರೆ ಸುತ್ತು ತಿರುಗುವ ಆ ದೊಡ್ಡ ಟು-ಸ್ಟ್ರೋಕ್ ಎಂಜಿನ್ನುಗಳಿಗೆ ನಡುವೆ ಗೇರ್‌ಬಾಕ್ಸ್ ಇಲ್ಲದೆ ನೇರವಾಗಿ ಪ್ರೊಪೆಲ್ಲರ್ ಜೋಡಿಸಿರುತ್ತಿತ್ತು. ಹಡಗು ಹಿಂದಕ್ಕೆ ಹೋಗಬೇಕಾದರೆ ಎಂಜಿನ್ನನ್ನೇ ನಿಲ್ಲಿಸಿ ತಿರುಗುಮುರುಗಾಗಿ ಓಡಿಸಬೇಕಿತ್ತು. ಒಂದು ಸಿಲಿಂಡರಿನ ತಾಪ ಉಳಿದವಕ್ಕಿಂತ ಏರಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ಹುಡುಕಿ ಅಭ್ಯಾಸವಾದವರು, ಮೀನು ಕಚ್ಚದ ದಿನವನ್ನೂ ಸುಮ್ಮನೆ ಬಿಡುವುದಿಲ್ಲ.

ಗಾಳವನ್ನು ಅವರು ನಿವೃತ್ತಿಯ ಮೇಲೆ ಕಲಿತರೆಂದೂ ಭಾವಿಸಬೇಡಿ. ಬಂದರಿನ ಹೊರಗೆ ಲಂಗರು ಹಾಕಿ ದಿನಗಟ್ಟಲೆ ಕಾಯುವಾಗ, ಹಡಗಿನ ದೀಪದ ಬೆಳಕಿಗೆ ಬರುವ ಬೊಂಡಾಸನ್ನು (ಸ್ಕ್ವಿಡ್) ಕೈದಾರದಿಂದ ಹಿಡಿಯದವರು ನಮ್ಮಲ್ಲಿ ಕಡಿಮೆ.

ಉತ್ತರ 2:
ನಾನು ನಾಡದೋಣಿಯವನು. ಇಂಥ ಒಬ್ಬ ನಿವೃತ್ತ ಎಂಜಿನಿಯರ್ ನಮ್ಮ ಊರಿನಲ್ಲೂ ಇದ್ದರು. ಒಮ್ಮೆ ನಮ್ಮ ಔಟ್‌ಬೋರ್ಡ್ ಎಂಜಿನ್ನಿನ ಹಿಂದಿನಿಂದ ಚಿಮ್ಮುವ ತಂಪುನೀರಿನ ಎಳೆ ತೆಳ್ಳಗಾದದ್ದನ್ನು ದಡದಿಂದಲೇ ಕಂಡು, ಪಂಪಿನ ರಬ್ಬರ್ ಇಂಪೆಲ್ಲರ್ ಸವೆದಿದೆ, ಇವತ್ತು ಇಳಿಯಬೇಡಿ ಎಂದಿದ್ದರು. ಬಿಚ್ಚಿ ನೋಡಿದಾಗ ಅದರ ಎರಡು ರೆಕ್ಕೆಗಳು ಹರಿದಿದ್ದವು. ಆದ್ದರಿಂದ ದೋಣಿಯವರನ್ನೂ ವಿಚಾರಿಸಿ. ಮನೆಯವರಿಗೆ ಹೇಳದ್ದನ್ನು ಇಂಥವರು ದೋಣಿ ನಿಲ್ಲುವ ದಕ್ಕೆಯಲ್ಲಿ ಹೇಳಿರುತ್ತಾರೆ. ಡೈರಿಯ ಪುಟಗಳನ್ನು ಅಚ್ಚು ಹಾಕುವುದಾದರೆ ಮೀನು ಸಿಗುವ ಜಾಗದ ಹೆಸರುಗಳನ್ನು ಮಾತ್ರ ದಯವಿಟ್ಟು ಮುಚ್ಚಿರಿ. ಅವರು ಬದುಕಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಸಿ.ಡಿ.ಸಿ. ತೆಗೆದು ನೋಡಿದೆ: ಐದು ಹಡಗುಗಳಲ್ಲಿ ಅವರು ಸೆಕೆಂಡ್ ಎಂಜಿನಿಯರ್ ಆಗಿದ್ದರು. ಪುಸ್ತಿಕೆಯನ್ನು ಮೂರೂವರೆ ಗಂಟೆಯಿಂದಲೇ ಆರಂಭಿಸುತ್ತೇನೆ. ಈ ಪಾಳಿಯ ವಿಷಯವನ್ನು ಅಮ್ಮನಿಗೆ ಓದಿ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಮದುವೆಯಾದ ವರ್ಷದ ರಜೆಯಲ್ಲೇ ಅದು ತಮಗೆ ತಿಳಿದಿತ್ತೆಂದೂ, ಇಷ್ಟು ವರ್ಷ ಆ ಹೊತ್ತಿಗೆ ಕಾಫಿ ಮಾಡಿದ ತಮ್ಮನ್ನು ಯಾರೂ ಕೇಳಲೇ ಇಲ್ಲವೆಂದೂ ಹೇಳಿದರು.