ಸಂಕಥನ ವಿಶ್ಲೇಷಣೆ ಮಾಡಿದವರು ಅನುಭವ ತಿಳಿಸುವಿರಾ?

ಪ್ರಶ್ನೆ: ಪಾವಗಡದ ಸೌರ ವಿದ್ಯುತ್ ಉದ್ಯಾನದ (ಸೋಲಾರ್ ಪಾರ್ಕ್) ಬಗ್ಗೆ ಮಾನವ ಭೂಗೋಳಶಾಸ್ತ್ರದಲ್ಲಿ ಪಿಎಚ್.ಡಿ. ಆರಂಭಿಸಿದ್ದೇನೆ. ರೈತರಿಂದ 28 ವರ್ಷಗಳಿಗೆ ಗುತ್ತಿಗೆ ಪಡೆದ ಸುಮಾರು 13,000 ಎಕರೆಯನ್ನು ‘ಬರಡು’ ಎಂದು ಬಣ್ಣಿಸುವ ಬಗೆಯನ್ನು ಅರಿಯಲು ಸಂಕಥನ ವಿಶ್ಲೇಷಣೆ (ಒಂದು ವಿಷಯದ ಬಗೆಗಿನ ಮಾತು, ಬರಹ ಹೇಗಿದೆ, ಅದು ಏನು ಮಾಡುತ್ತದೆಂದು ನೋಡುವ ವಿಧಾನ) ಸಾಕೇ, ಸಮೀಕ್ಷೆಯೂ ಬೇಕೇ?

ಚಿತ್ರದುರ್ಗದಿಂದ: ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು (ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳನ್ನು) ನಾನು ಇದೇ ವಿಧಾನದಿಂದ ಅಧ್ಯಯನ ಮಾಡಿದ್ದೇನೆ, ಆ ಆಯ್ಕೆಯ ಬಗ್ಗೆ ಇಂದಿಗೂ ಹೆಮ್ಮೆಯಿದೆ. ಹದಿನಾಲ್ಕು ತಿಂಗಳು ಹಳೆಯ ಪತ್ರಿಕೆಗಳ ಬೈಂಡುಗಳ ಮುಂದೆ ಕುಳಿತೆ. ಝೆರಾಕ್ಸಿಗೆ ಅನುಮತಿ ಸಿಗದೆ 640 ವರದಿಗಳನ್ನು ಕೈಯಲ್ಲೇ ಬರೆದುಕೊಂಡೆ. ಒಂಬತ್ತು ನೋಟುಪುಸ್ತಕಗಳು ಮಳೆಯಲ್ಲಿ ನೆನೆದುಹೋದಾಗ ಅಷ್ಟನ್ನೂ ಮತ್ತೆ ಬರೆದೆ. ದಾರಿ ತೋರಿಸಿದ್ದು ಪಹಣಿಯ ‘ಖರಾಬು’ ಎಂಬ ಒಂದೇ ಪದ. ಸಾಗುವಳಿಗೆ ಬಾರದ್ದು ‘ಅ’ ಖರಾಬು, ರಸ್ತೆ, ಸ್ಮಶಾನದಂಥದ್ದು ‘ಬ’ ಖರಾಬು. ಉತ್ತು ಕಂದಾಯ ಕಟ್ಟದ ನೆಲವೆಲ್ಲ ಕೆಟ್ಟ ನೆಲವೆಂಬ ಈ ಎಣಿಕೆಯೇ, ದನ ಕುರಿ ಮೇಯುವ ಹುಲ್ಲುಗಾವಲನ್ನು ವರದಿಗಾರರು ‘ಖಾಲಿ ಜಾಗ’ ಎಂದು ಬರೆಯುವುದಕ್ಕೆ ದಾರಿ ಮಾಡಿಕೊಟ್ಟಿತೆಂಬುದು ನನ್ನ ವಾದ.

ಬೆಂಗಳೂರಿನಿಂದ: ಇದೇ ವಿಧಾನ ನನ್ನ ಎರಡು ವರ್ಷಗಳನ್ನು ನುಂಗಿತು. ನಗರದ ಕೆರೆಗಳ ಬಗೆಗಿನ ಕನ್ನಡ ವರದಿಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಲು 38,000 ರೂಪಾಯಿ, ತಂತ್ರಾಂಶಕ್ಕೆ 22,000 ರೂಪಾಯಿ ಕೊಟ್ಟೆ. ಏರಿ, ತೂಬು, ಕೋಡಿಗಳಿರುವ ‘ಕೆರೆ’ಯೂ, ವಾಯುವಿಹಾರದ ‘ಲೇಕ್’ ಕೂಡ ಅನುವಾದದಲ್ಲಿ ಒಂದೇ ಪದವಾದವು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗುವಾಗ, ಸಂಪಂಗಿ ಕೆರೆ ಕ್ರೀಡಾಂಗಣವಾಗುವಾಗ ಯಾವ ಪದ ಯಾವ ಕೆಲಸ ಮಾಡಿತೆಂದು ಪರೀಕ್ಷಕರು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಬಂಧ ವಾಪಸು ಬಂತು.

ಚಿತ್ರದುರ್ಗದಿಂದ: ತಪ್ಪು ವಿಧಾನದ್ದಲ್ಲ, ಕನ್ನಡವನ್ನು ಕನ್ನಡದಲ್ಲೇ ಓದದ ನಿಮ್ಮದು. ಈ ವಿಧಾನಕ್ಕೆ ಆಧಾರವಾದ ಫ್ರೆಂಚ್ ಚಿಂತಕ ಫೂಕೋ ಹೇಳಿದ್ದು ಪದಗಳನ್ನು ಎಣಿಸಿರೆಂದಲ್ಲ. ಯಾವ ಮಾತು ಯಾವ ಅಧಿಕಾರದ ಬಲದಿಂದ ಸತ್ಯವಾಗಿ ನಿಲ್ಲುತ್ತದೆಂದು ನೋಡಬೇಕು.

ಬೆಂಗಳೂರಿನಿಂದ: ಪಾಠ ಹೇಳುವ ಮೊದಲು ಇದಕ್ಕೆ ಉತ್ತರಿಸಿ: ನಿಮ್ಮ 640 ವರದಿಗಳಲ್ಲಿ ಕುರಿಗಾಹಿಗಳು ಹೆಸರು ಹೇಳಿಕೊಂಡು ಮಾತನಾಡಿದ್ದು ಎಷ್ಟು ಕಡೆ?

ಚಿತ್ರದುರ್ಗದಿಂದ: ಹನ್ನೊಂದು ಕಡೆ. ಉಳಿದೆಡೆ ‘ಗ್ರಾಮಸ್ಥರು’ ಎಂದಷ್ಟೇ ಇತ್ತು. ಆ ಮೌನವೂ ಸಂಕಥನದ ಭಾಗವೇ ಎಂದು ಒಂದು ಅಧ್ಯಾಯವನ್ನೇ ಬರೆದಿದ್ದೇನೆ.

ಬೆಂಗಳೂರಿನಿಂದ: ಅವರು ಮೌನವಾಗಿರಲಿಲ್ಲ, ಪತ್ರಿಕೆ ಅವರನ್ನು ಕೇಳಿರಲಿಲ್ಲ. ನೀವೂ ಕೇಳಲಿಲ್ಲ.

ಧಾರವಾಡದಿಂದ: ಇಬ್ಬರೂ ನಕ್ಷೆಯನ್ನೇ ಮರೆತಿದ್ದೀರಿ. ನಕ್ಷೆಯೂ ಅಧಿಕಾರದ ಮಾತೆಂದು ನಕ್ಷೆಗಳ ಇತಿಹಾಸಕಾರ ಬ್ರಯಾನ್ ಹಾರ್ಲೆ 1989ರಲ್ಲೇ ವಾದಿಸಿದ್ದರು. ಗ್ರಾಮನಕ್ಷೆಯಲ್ಲಿ ಗಾಡಿದಾರಿಗೆ ಗೆರೆಯಿರುತ್ತದೆ. ನಾನು ನೋಡಿದ ಹಾಳೆಗಳಲ್ಲಿ ಕುರಿಗಳು ನಡೆಯುವ ಜಾಡಿಗೆ ಗೆರೆ ಇರಲೇ ಇಲ್ಲ.