ನೆಲಗುಣವೋ ಸೀಮೆಯೋ: 'ಟೆರ್ವಾರ್'ಗೆ ಯಾವ ಪದ?

ಗೆಳೆಯರೆ,

ವೈನ್ ದ್ರಾಕ್ಷಿ ಬಗ್ಗೆ ಒಂದು ಬರಹವನ್ನು ಕೊಪ್ಪಳದ ಬೆಳೆಗಾರರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಫ್ರೆಂಚಿನ 'ಟೆರ್ವಾರ್' ಪದದ ಹತ್ತಿರ ಕೆಲಸ ನಿಂತಿದೆ. ಮಣ್ಣು, ಇಳಿಜಾರು, ಬಿಸಿಲು, ಮಳೆ ಎಲ್ಲ ಸೇರಿ ಹಣ್ಣಿಗೆ ಕೊಡುವ ಗುಣ ಅಂತ ಅರ್ಥ. ಇಷ್ಟೇ ಆಗಿದ್ದರೆ 'ನೆಲಗುಣ' ಸಾಕಿತ್ತು. ದ್ರಾಕ್ಷಿ ಬೇರಿಗೆ ನಿಂತ ನೀರು ಆಗಿಬರುವುದಿಲ್ಲ. ನೀರು ಹಿಡಿದಿಡುವ ಕಪ್ಪು ಎರೆ, ಬೇಗ ಬಸಿಯುವ ಕೆಂಪು ಮಸಾರಿ ಅಂದರೆ ಸಾಕು, ನಮ್ಮ ರೈತರಿಗೆ ಉಳಿದದ್ದು ತಿಳಿಯುತ್ತದೆ.

ತೊಡಕು ಬರುವುದು ದುಡ್ಡಿನ ಮಾತಿನಲ್ಲಿ: ಜಾಗದ ಹೆಸರಿನಿಂದ ಸಿಗುವ ಬೆಲೆಗೂ ಇದೇ ಪದ ಹೇಳುತ್ತಾರೆ. ಫ್ರಾನ್ಸಿನ ಬರ್ಗಂಡಿ ಸೀಮೆಯ ರೊಮಾನೆ-ಕಾಂಟಿ ದ್ರಾಕ್ಷಿ ತೋಟ ಸುಮಾರು ನಾಲ್ಕೂವರೆ ಎಕರೆ ಅಷ್ಟೇ. ಅದರ ವೈನಿನ ಒಂದೊಂದು ಬಾಟಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಅಕ್ಕಪಕ್ಕದಲ್ಲೂ ಅದೇ ಪಿನೋ ನ್ವಾರ್ ದ್ರಾಕ್ಷಿ ತಳಿ, ಆದರೆ ಆ ಬೆಲೆ ಇಲ್ಲ. ಇದು ಮಣ್ಣಿನ ಬೆಲೆಯೋ, ಹೆಸರಿನದೋ? ಅಮೆರಿಕದ ಒರೆಗಾನ್‌ನ ವಿಲ್ಲಾಮೆಟ್ ಕಣಿವೆಯಲ್ಲಿ ತೋಟಗಳು ಮಾರಾಟವಾದ ಬೆಲೆಯನ್ನು ಕ್ರಾಸ್, ಪ್ಲಾಂಟಿಂಗಾ, ಸ್ಟಾವಿನ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಜಾಲಾಡಿ 2011ರಲ್ಲಿ ಪ್ರಕಟಿಸಿದರು. ಇಳಿಜಾರು, ಮಣ್ಣು, ಎತ್ತರದಿಂದ ಬೆಲೆ ಅಷ್ಟೇನೂ ಏರಿಳಿದಿರಲಿಲ್ಲ. ತೋಟ ಯಾವ ಹೆಸರಾಂತ ಸೀಮೆಯೊಳಗೆ ಬರುತ್ತದೆ ಅನ್ನುವುದರಿಂದ ಏರಿತ್ತು!

ನಮ್ಮಲ್ಲೂ ಇದು ಹೊಸದಲ್ಲ. ಕೊಪ್ಪಳ ಜಿಲ್ಲೆಯ ತೋಟದ ವೈನ್ 'ಹಂಪಿ ಹಿಲ್ಸ್' ಹೆಸರಲ್ಲಿ ಮಾರಾಟವಾಗುತ್ತದೆ. ಹಂಪಿ ಇರುವುದು ಹೊಳೆಯಾಚೆ, ವಿಜಯನಗರ ಜಿಲ್ಲೆಯಲ್ಲಿ. ಜಾಣತನ ಅಲ್ವಾ? ಬಳ್ಳಾರಿ, ರಾಯಚೂರಿನ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋಗುವುದೂ ನೆನಪಾಗುತ್ತದೆ. ಆದರೆ 'ಬ್ಯಾಡಗಿ' ತಳಿಯ ಹೆಸರೂ ಹೌದು, ಹಾಗಾಗಿ ಆ ಉದಾಹರಣೆ ಪೂರ್ತಿ ಹೊಂದುವುದಿಲ್ಲ.

ಗುಣಕ್ಕೆ 'ನೆಲಗುಣ', ಹೆಸರಿನಿಂದ ಬರುವ ಬೆಲೆಗೆ 'ಸೀಮೆ ಬೆಲೆ' ಅಂತ ಎರಡು ಪದ ಇಟ್ಟುಕೊಳ್ಳೋಣ ಅನ್ನುವುದು ನನ್ನ ಒಲವು. ಒಂದೇ ಪದ ಇಟ್ಟರೆ ಮಾರುವವರಿಗೆ ಅನುಕೂಲ, ಓದುವವರಿಗೆ ಗೊಂದಲ. ಆದರೆ ಸೀಮೆಎಣ್ಣೆ, ಸೀಮೆಹಸು ಕೇಳಿದ ಕಿವಿಗೆ 'ಸೀಮೆ ದ್ರಾಕ್ಷಿ' ಅಂದರೆ ಹೊರದೇಶದ್ದು ಅನ್ನಿಸಿಬಿಡುತ್ತದೆ. 'ಭೌಗೋಳಿಕ ಸೂಚಕ' (ಜಿಐ ಟ್ಯಾಗ್) ಕಚೇರಿಯ ಮಾತು, ಸಂತೆಯಲ್ಲಿ ನಡೆಯುವುದಿಲ್ಲ.

ಸಿಂಧನೂರು, ಸಿರುಗುಪ್ಪ, ಕುಷ್ಟಗಿ ಕಡೆಯವರನ್ನು ಕೇಳುವುದಿಷ್ಟು. ಹೊಲ ಕೊಡುವಾಗ, ಮಾಲು ಹರಾಜಿಗೆ ಇಡುವಾಗ 'ಇಂಥ ಊರಿನದು' ಅಂತ ನಾಲ್ಕು ಕಾಸು ಜಾಸ್ತಿ ಸಿಗುತ್ತದಲ್ಲ, ಅದಕ್ಕೆ ಏನಂತೀರಿ? ದಲಾಲರ ಬಾಯಿಮಾತಾದರೂ ಸರಿ. "ಈ ತೋಟದ ___ದಿಂದ ಎಕರೆ ಬೆಲೆ ಏರಿತು" ಅನ್ನುವ ಸಾಲಿನಲ್ಲಿ ಕೂರಬೇಕು.