686 ಕೊಟ್ಟು ಹಳೇ ಮಾಡೆಲ್ 19 ತಗೊಳ್ಳಲಾ?

ನಿಧಾನಗುರಿ:
ನನ್ನ ಹತ್ರ ಸ್ಮಿತ್ ಅಂಡ್ ವೆಸನ್ 686 ರಿವಾಲ್ವರ್ ಇದೆ. ಸ್ಟೇನ್‌ಲೆಸ್, ನಾಲ್ಕಿಂಚಿನ ಬ್ಯಾರೆಲ್, ಹೊಸದಾಗೇ ತಗೊಂಡಿದ್ದು. ಐದು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ನಾನು ಹೋಗುವ ರೇಂಜಿಗೆ ಬರುವ ಹಿರಿಯರೊಬ್ಬರ ಬಳಿ ಅದೇ ಕಂಪನಿಯ ಮಾಡೆಲ್ 19-3 ಇದೆ, ಅಂದರೆ 1967ರಿಂದ 77ರ ನಡುವಿನ ಮಾಲು. ಒರೆಸಿ ಎಣ್ಣೆ ಹಚ್ಚಿ ಸಾಕಾಯ್ತು, ನಿನ್ನ ಸ್ಟೇನ್‌ಲೆಸ್ ಕೊಟ್ಟು ಇದನ್ನು ತಗೊಂಡು ಹೋಗು, ಮೇಲೆ ಏನೂ ಕೊಡಬೇಡ ಅಂತಿದ್ದಾರೆ.

ಮೊನ್ನೆ ಒಮ್ಮೆ ಕೈಗೆ ಕೊಟ್ಟರು. ಖಾಲಿ ಅಂತ ಇಬ್ಬರೂ ನೋಡಿಕೊಂಡು ಹ್ಯಾಮರ್ ಎಳೆದೆ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ! ಆ ನೀಲಿ ಬಣ್ಣ, ಮರದ ಹಿಡಿ... ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಗಬೇಡಿ. ನಾನು ವಾರಕ್ಕೆ ಒಂದು ಡಬ್ಬ ಗುಂಡು, ಕೆಲವೊಮ್ಮೆ ಎರಡು, ಖಾಲಿ ಮಾಡುತ್ತೇನೆ. ಅದರಲ್ಲಿ ಅರ್ಧ 125 ಗ್ರೇನ್ ತೂಕದ .357 ಮ್ಯಾಗ್ನಮ್, ಅಂದರೆ ಗುಂಡು ಹಗುರ, ಸಿಡಿತ ಜೋರು. ಬದಲಾಯಿಸಬಹುದಾ, ಇಲ್ಲ ಸುಮ್ನೆ ಆಸೆಗೆ ಬಿದ್ದಿದ್ದೀನಾ?

ನೀಲಿಕಬ್ಬಿಣ:
ಇದರಲ್ಲಿ ಕೇಳುವುದೇನಿದೆ ಗುರು, ಎದ್ದು ಹೋಗಿ ತಗೊಂಡು ಬನ್ನಿ. ಬ್ಯಾರೆಲ್ಲಿಗೆ ಅಡ್ಡ ಪಿನ್ ಹೊಡೆದು ಕೂರಿಸಿದ್ದು, ಕಾಡತೂಸಿನ ಅಂಚು ಒಳಗೆ ಮುಳುಗಿ ಕೂರುವ ಹಾಗೆ ಕೊರೆದ ಸಿಲಿಂಡರ್ (ಗುಂಡು ತುಂಬುವ ತಿರುಗುವ ಭಾಗ), ಇವೆಲ್ಲ 1982ರ ಹೊತ್ತಿಗೆ ನಿಂತು ಹೋದವು. ಆಮೇಲೆ 2001ರಲ್ಲಿ ಎಡಗಡೆ ಆ ಬೀಗದ ತೂತು ಬಂತು, ಕೀಲಿ ಹಾಕಿ ರಿವಾಲ್ವರ್ ಲಾಕ್ ಮಾಡೋಕೆ. ನಿಮ್ಮದರಲ್ಲೂ ಇರುತ್ತೆ ನೋಡಿ, ಸಿಲಿಂಡರ್ ಬಿಡಿಸುವ ಗುಂಡಿಯ ಮೇಲ್ಗಡೆ. ನನಗಂತೂ ಅದನ್ನು ನೋಡಿದರೆ ಮುಖಕ್ಕೆ ಮೊಳೆ ಹೊಡೆದ ಹಾಗೆ ಕಾಣುತ್ತೆ. 686 ಯಾವತ್ತು ಬೇಕಾದರೂ ಮತ್ತೆ ಸಿಗುತ್ತೆ, ಒಳ್ಳೇ 19-3 ಸಿಗಲ್ಲ.

ಮೂರುತಿರುಪು:
ನೀಲಿಕಬ್ಬಿಣ ಅವರೇ, ಪ್ರಶ್ನೆಯ ಕೊನೆಗೆ ಇರೋದನ್ನು ಓದಿದ್ರಾ? ವಾರ ವಾರ 125 ಗ್ರೇನಿನ ಮ್ಯಾಗ್ನಮ್ ಅಂತಿದ್ದಾರೆ.

ನಿಧಾನಗುರಿ ಸರ್, 19 ನಿಂತಿರೋದು ಕೆ ಫ್ರೇಮ್ ಅನ್ನೋ ಚೌಕಟ್ಟಿನ ಮೇಲೆ. ಅದು ಮೂಲದಲ್ಲಿ .38ಕ್ಕೆ, ಅಂದರೆ ಮ್ಯಾಗ್ನಮ್‌ಗಿಂತ ಮೆತ್ತಗಿನ ಕಾಡತೂಸಿಗೆ, ಮಾಡಿದ ಅಳತೆ. ಅಮೆರಿಕದ ಗಡಿ ಕಾವಲು ಪಡೆ ಬಾರ್ಡರ್ ಪ್ಯಾಟ್ರೋಲಿನ ಬಿಲ್ ಜೋರ್ಡನ್ ದಿನವಿಡೀ ಸೊಂಟದಲ್ಲಿ ಇಟ್ಟುಕೊಳ್ಳಲು ಹಗುರವಾದ ಮ್ಯಾಗ್ನಮ್ ಬೇಕು ಅಂತ ಕೇಳಿದ್ದಕ್ಕೆ 1955ರಲ್ಲಿ ಬಂದದ್ದು. ಅಭ್ಯಾಸಕ್ಕೆಲ್ಲ .38, ಅಗತ್ಯ ಬಿದ್ದಾಗ ಮಾತ್ರ .357 ಅನ್ನೋದು ಆಗಿನ ಲೆಕ್ಕ. ಆಮೇಲೆ ಜನ ಹಗುರ ಗುಂಡಿನ ಬಿಸಿ ಮ್ಯಾಗ್ನಮ್ಮನ್ನೇ ಡಬ್ಬಗಟ್ಟಲೆ ಹೊಡೆಯಲು ಶುರು ಮಾಡಿದಾಗ ತೊಂದರೆ ಕಂಡಿತು. ಬ್ಯಾರೆಲ್ಲಿನ ಹಿಂಬದಿ ಇದೆಯಲ್ಲ, ಗುಂಡು ಸಿಲಿಂಡರಿನಿಂದ ಹಾರಿ ಮೊದಲು ತಾಗುವ ಫೋರ್ಸಿಂಗ್ ಕೋನ್, ಅದರ ತಳವನ್ನು ಸಿಲಿಂಡರನ್ನು ಹಿಡಿದಿರುವ ತೋಳಿಗೆ ಜಾಗ ಬಿಡಲು ಚಪ್ಪಟೆಯಾಗಿ ಕೊರೆದಿರುತ್ತಾರೆ. ಗಡಿಯಾರದಲ್ಲಿ ಆರು ಗಂಟೆ ಇರುವ ಜಾಗ ಅನ್ನಿ. ಲೋಹ ತೆಳ್ಳಗಿರೋದು ಅಲ್ಲೇ, ಬಿರುಕು ಬಿಡೋದೂ ಅಲ್ಲೇ. ಬಿರುಕು ಬಿಟ್ಟರೆ ಬ್ಯಾರೆಲ್ಲೇ ಬದಲಾಯಿಸಬೇಕು, ಹಳೇದಕ್ಕೆ ಬದಲಿ ಬ್ಯಾರೆಲ್ ಹುಡುಕಿ ನೋಡಿ, ಆಮೇಲೆ ಮಾತಾಡೋಣ.

ಇದಕ್ಕೇ 1980ರ ದಶಕದ ಶುರುವಿನಲ್ಲಿ ದಪ್ಪಗಿನ ಎಲ್ ಫ್ರೇಮ್ ತಂದರು. ಅದೇ ನಿಮ್ಮ 686. ಆ ಕಾಯಿಲೆಗೆ ಬಂದ ಔಷಧಿಯನ್ನು ಕೊಟ್ಟು ಕಾಯಿಲೆ ತಗೊಳ್ತಿದ್ದೀರಿ.

.38 ಮಾತ್ರ ಹೊಡೀತೀನಿ ಅಂತ ಮನಸ್ಸು ಮಾಡಿದರೆ ಮಾತು ಬೇರೆ. .38 ಸ್ಪೆಷಲ್ ಹಾಕಿದರೆ 19 ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತೆ.

ನೀಲಿಕಬ್ಬಿಣ:
ಅದು ಸರಿ, 125 ಗ್ರೇನ್ ನನ್ನ ಕಣ್ಣು ತಪ್ಪಿತು. 158 ಗ್ರೇನ್ ಹಾಕಿದರೆ ಅಷ್ಟು ಪೆಟ್ಟು ಬೀಳಲ್ಲ ಅಲ್ವಾ.

ಮೂರುತಿರುಪು:
ಕಡಿಮೆ ಬೀಳುತ್ತೆ, ಬೀಳಲ್ಲ ಅಂತಲ್ಲ.

ಎಣ್ಣೆಬಟ್ಟೆ:
ನಾನು ಕೈ ಸುಟ್ಟುಕೊಂಡವಳು, ಅದಕ್ಕೇ ಉದ್ದಕ್ಕೆ ಬರೀತೀನಿ. ಮೂರು ವರ್ಷದ ಹಿಂದೆ ಒಂದು ಹಳೇ ರಿವಾಲ್ವರ್ ತಗೊಂಡೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮನೆಗೆ ತಂದು ಹಗಲು ಬೆಳಕಲ್ಲಿ ನೋಡಿದರೆ ಬ್ಯಾರೆಲ್ ಮೇಲಿನ ಅಕ್ಷರಗಳ ಅಂಚು ಸವೆದಿದೆ, ತಿರುಪಿನ ಸುತ್ತ ಲೋಹ ತಟ್ಟೆಯ ಹಾಗೆ ಗುಂಡಿ ಬಿದ್ದಿದೆ. ಯಾರೋ ಚೆನ್ನಾಗಿ ಉಜ್ಜಿ ಮತ್ತೆ ಬಣ್ಣ ಕಟ್ಟಿದ್ದರು. ಗುಂಡು ಹಾರುತ್ತೆ, ಅದರಲ್ಲಿ ತಪ್ಪಿಲ್ಲ. ಆದರೆ ಹಳೇ ಮಾಲು ಅಂತ ಕೊಟ್ಟ ಬೆಲೆ ನೀರಿಗೆ ಹೋಯ್ತು. ನೀವು ತಿರುಪಿನ ತಲೆಗಳನ್ನು ಮೊದಲು ನೋಡಿ. ಅವುಗಳ ಸೀಳು ಕಿತ್ತುಹೋಗಿದ್ದರೆ ಒಳಗೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ.

ಹಾಗೇ ಟೈಮಿಂಗ್, ಅಂದರೆ ಹ್ಯಾಮರ್ ಎಳೆದಾಗ ಸಿಲಿಂಡರ್ ಸರಿಯಾದ ಹೊತ್ತಿಗೆ ಬಂದು ಕೂರುತ್ತಾ ಅನ್ನೋದು. ಖಾಲಿ ಮಾಡಿ, ಗುಂಡು ಕೂರುವ ಆರೂ ಮನೆಗೆ ಬೆರಳಿಟ್ಟು ನೋಡಿ, ಇನ್ನೊಬ್ಬರಿಗೂ ತೋರಿಸಿ. ಒಂದು ಬೆರಳನ್ನು ಸಿಲಿಂಡರ್ ಮೇಲೆ ಹಗುರಾಗಿ ಇಟ್ಟು, ತಿರುಗಲು ಸ್ವಲ್ಪ ತಡೆ ಕೊಟ್ಟು, ಹ್ಯಾಮರ್ ಆದಷ್ಟು ನಿಧಾನ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದಕ್ಕೆ ಹೋಗುವ ಹೊತ್ತಿಗೆ ಸಿಲಿಂಡರ್ ಟಕ್ ಅಂತ ಲಾಕ್ ಆಗಿರಬೇಕು. ಆರಕ್ಕೆ ಆರೂ. ಬೇಗ ಬೇಗ ಎಳೆದರೆ ಸಿಲಿಂಡರ್ ತನ್ನ ಓಟಕ್ಕೇ ಹೋಗಿ ಕೂತುಬಿಡುತ್ತೆ, ದೋಷ ಕಾಣಲ್ಲ. ನಿಮಗೆ ಬೆಣ್ಣೆ ಅನಿಸಿದ್ದು ಎಷ್ಟು ಬೇಗ ಎಳೆದಾಗ?

ಫೋರ್ಸಿಂಗ್ ಕೋನ್ ತಳ ನೋಡುವ ಮೊದಲು ಮಸಿ ತೆಗೆಯಿರಿ, ಬಿರುಕು ಮಸಿಯೊಳಗೆ ಅಡಗಿರುತ್ತೆ. ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ. 0.006 ಇಂಚಿನ ಆಸುಪಾಸು ಇದ್ದರೆ ಚೆನ್ನ, 0.010 ದಾಟಿದರೆ ಸ್ವಲ್ಪ ಯೋಚಿಸಿ. ಸಿಲಿಂಡರನ್ನು ಮುಂದಕ್ಕೆ ಒತ್ತಿ ಒಮ್ಮೆ, ಹಿಂದಕ್ಕೆ ಒತ್ತಿ ಒಮ್ಮೆ ಅಳೆಯಿರಿ, ಎಷ್ಟು ಅಲ್ಲಾಡುತ್ತೆ ಅನ್ನೋದೂ ಗೊತ್ತಾಗುತ್ತೆ.

ಕಾಗದ ಪತ್ರ ಮರೀಬೇಡಿ. ನಿಮ್ಮಲ್ಲಿ ಕಾನೂನು ಏನು ಹೇಳುತ್ತೋ ಅದರ ಪ್ರಕಾರ ಎರಡರ ನಂಬರೂ ದಾಖಲೆಯಲ್ಲಿ ಹೊಸಬರ ಹೆಸರಿಗೆ ಆದ ಮೇಲೇ ಕೈ ಬದಲಾಗಲಿ, ಅವರು ಎಷ್ಟೇ ಪರಿಚಯ ಇರಲಿ.

ನಿಧಾನಗುರಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಟಾರ್ಚು, ಫೀಲರ್ ಗೇಜು, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಹೋದೆ. ಹೆಣ್ಣು ನೋಡೋಕೆ ಬಂದಿದ್ದೀಯೋ ಪೋಸ್ಟ್‌ಮಾರ್ಟಂ ಮಾಡೋಕೋ ಅಂದರು ಯಜಮಾನರು.

ಕೋನ್ ಶುಭ್ರವಾಗಿದೆ, ಬಿರುಕಿಲ್ಲ. ಅವರು ಮ್ಯಾಗ್ನಮ್ ಹಾಕಿದ್ದೇ ಅಪರೂಪವಂತೆ. ಸಂದಿ 0.007. ತಿರುಪುಗಳೂ ಚೆನ್ನಾಗಿವೆ. ಆದರೆ ಎಣ್ಣೆಬಟ್ಟೆ ಮೇಡಂ ಹೇಳಿದ ಹಾಗೆ ನಿಧಾನ ಎಳೆದಾಗ ನಾಲ್ಕು ಮನೆ ಸರಿಯಾಗಿ ಕೂತವು, ಎರಡು ಕೂರಲಿಲ್ಲ. ಹ್ಯಾಮರ್ ನಿಂತ ಮೇಲೂ ಕೂದಲೆಳೆಯಷ್ಟು ತಿರುಗುವುದು ಬಾಕಿ ಇತ್ತು, ಬೆರಳಲ್ಲಿ ನೂಕಿದಾಗ ಟಕ್ ಅಂದಿತು. ಅವರೇ ಮೂರು ಸಲ ಎಳೆದು ನೋಡಿ ಸುಮ್ಮನಾದರು. ಇಷ್ಟು ವರ್ಷ ಗೊತ್ತೇ ಇರಲಿಲ್ಲವಂತೆ.

ಮೂರುತಿರುಪು:
ಸಿಲಿಂಡರನ್ನು ತಿರುಗಿಸುವ ಹ್ಯಾಂಡ್ ಸವೆದಿರಬೇಕು, ಇಲ್ಲ ಅದು ತಳ್ಳುವ ಹಲ್ಲುಗಳು. ಕೈಪಳಗಿದ ಗನ್‌ಸ್ಮಿತ್‌ಗೆ ದೊಡ್ಡ ಕೆಲಸವಲ್ಲ, ಸ್ವಲ್ಪ ದಪ್ಪದ ಹ್ಯಾಂಡ್ ಹಾಕಿ ಅರದಲ್ಲಿ ತೀಡಿ ಕೂರಿಸುತ್ತಾರೆ. ರಿಪೇರಿ ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ.

ನಿಧಾನಗುರಿ:
ಅದಕ್ಕೆ ಮೊದಲೇ ಕಥೆ ಬದಲಾಯ್ತು. ನೀನು ನನ್ನದನ್ನು ನೋಡಿದೆ, ನಾನೂ ನಿನ್ನದನ್ನು ನೋಡಬೇಡವೇ ಅಂತ 686 ತಗೊಂಡು ಹನ್ನೆರಡು ಗುಂಡು ಹೊಡೆದರು. ಗುರಿಯೇನೋ ಚೆನ್ನಾಗೇ ಬಿತ್ತು. ಕೆಳಗಿಟ್ಟು, ಮೂತಿ ಭಾರ ಕಣಯ್ಯ, ಈ ವಯಸ್ಸಲ್ಲಿ ಮಣಿಕಟ್ಟು ಕೇಳಲ್ಲ, ಈ ಬೀಗದ ತೂತು ಬೇರೆ ಯಾಕೆ ಇಟ್ಟಿದ್ದಾರೆ ಅಂದರು. 19 ಅನ್ನು ಈಗ ಅವರೇ ರಿಪೇರಿಗೆ ಕೊಡುತ್ತಾರಂತೆ. ವಾಪಸ್ ಬಂದ ಮೇಲೆ ಒಂದು ಡಬ್ಬ .38 ತಗೊಂಡು ಬಾ, ಹೊಡೆಯೋಕೆ ಕೊಡ್ತೀನಿ ಅಂದಿದ್ದಾರೆ.